ಕೂಟಕ್ಕೆ ಬಾರದವನ ಪಾಲು



ಜೂನ್ ತಿಂಗಳು ಬಂತೆಂದರೆ ನಮ್ಮಂತಹ ಹಳ್ಳಿಶಾಲೆಗಳ ಮುಖ್ಯೋಪಾಧ್ಯಾಯರಿಗೆ ಪಾಠಪ್ರವಚನಕ್ಕಿಂತಲೂ ಕಾಗದಪತ್ರಗಳ ಯೋಚನೆಯೇ ಅಧಿಕವಾಗುತ್ತದೆ. ಹೊರಗೆ ಧೋ ಎಂದು ಸುರಿಯುವ ಮಳೆ. ಒಳಗೆ ದಾಖಲಾತಿ, ಪಠ್ಯಪುಸ್ತಕ, ವಿದ್ಯಾರ್ಥಿವೇತನಗಳ ಲೆಕ್ಕ. ಅಂತಹುದೇ ಒಂದು ಮಧ್ಯಾಹ್ನ ತೋಟದ ಕೆಲಸಕ್ಕೆ ಹೋಗುವ ಕೂಲಿಕಾರನೊಬ್ಬನು ತನ್ನ ಮಗಳನ್ನು ಕರೆದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತನು. ಹುಡುಗಿ ನಮ್ಮ ಶಾಲೆಯ ಏಳನೆಯ ತರಗತಿಯವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಮಿತ. ಅವಳ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿ ಹಿಂದಿರುಗಿತ್ತು. ಕೊಟ್ಟ ಕಾರಣ ಒಂದೇ: ಹೆಸರು ತಾಳೆಯಾಗುವುದಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಅದರಲ್ಲೊಂದು ದೀರ್ಘಸ್ವರವೂ ಒಂದು 'ಳ'ಕಾರವೂ ಇವೆ ಎಂದಷ್ಟೇ ಹೇಳಿದರೆ ಸಾಕು. ಕನ್ನಡದಲ್ಲಿ ಬರೆದರೆ ಆ ಹೆಸರಿಗೆ ಒಂದೇ ರೂಪ. ಒಂದನೆಯ ತರಗತಿಯ ಮಗುವೂ ತಪ್ಪದೆ ಬರೆದೀತು. ಆದರೆ ಜನನದ ದಾಖಲೆಯಲ್ಲಿ ಅದನ್ನು ಇಂಗ್ಲಿಷಿಗೆ ಇಳಿಸಿದವರು ದೀರ್ಘಕ್ಕೆ ಎರಡು 'ಎ' ಹಾಕಿದ್ದರು. ಇನ್ನೊಂದು ದಾಖಲೆಯವರು ಒಂದೇ 'ಎ' ಸಾಕೆಂದಿದ್ದರು. ಮೊದಲನೆಯವರು 'ಳ'ಕಾರಕ್ಕೆ ಎರಡು 'ಎಲ್' ಬರೆದರೆ ಎರಡನೆಯವರು ಒಂದು ಬರೆದರು. ಗಣಕಯಂತ್ರದ ದೃಷ್ಟಿಯಲ್ಲಿ ನಮ್ಮ ಹುಡುಗಿ ಇಬ್ಬರಾಗಿಬಿಟ್ಟಿದ್ದಳು. ಅರ್ಜಿಯ ಪುಟದಲ್ಲಿ ಕನ್ನಡದ ಹೆಸರನ್ನು ತುಂಬಲು ಸ್ಥಳವೇ ಇರಲಿಲ್ಲ. ಎಲ್ಲವನ್ನೂ ಕೇಳಿ ತಿಳಿದ ಬಳಿಕ ಆ ತಂದೆ ನನ್ನನ್ನೊಂದು ಪ್ರಶ್ನೆ ಕೇಳಿದನು: "ಮಾಸ್ತರರೇ, ಈ ಯಂತ್ರಕ್ಕೆ ನಮ್ಮ ಅಕ್ಷರಗಳನ್ನು ಕಲಿಸಬೇಕಾದವರು ಯಾರು?"

ಮೂವತ್ತು ವರ್ಷ ಅಕ್ಷರ ಕಲಿಸಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಬಳಿಕ ಓದಿ, ವಿಚಾರಿಸಿ ತಿಳಿದುಕೊಂಡುದನ್ನೇ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ. ಗಡಿಯಾಚೆ ಬಾಳುವ ಕನ್ನಡ ಕುಟುಂಬಗಳಿಗೆ, ಕಾಸರಗೋಡಿನವರಿರಲಿ, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳವರಿರಲಿ, ಇದು ಮನೆಯ ಮಾತೇ ಆಗಿದೆ.

ಮೊದಲು ನಮ್ಮೂರಿನ ಒಂದು ಪದ್ಧತಿಯನ್ನು ಹೇಳಬೇಕು. ಕಾಸರಗೋಡಿನ ಅಡಕೆ ಸೀಮೆಯವರಿಗೆ 'ಕಟ್ಟ'ವೆಂದರೆ ವಿವರಿಸಬೇಕಾಗಿಲ್ಲ. ಬೇರೆಡೆಯ ವಾಚಕರಿಗಾಗಿ ಎರಡು ಮಾತು. ಮಳೆಗಾಲ ಮುಗಿದು ತೋಡಿನ ಹರಿವು ಇಳಿಯತೊಡಗಿದಾಗ, ನವೆಂಬರ್-ಡಿಸೆಂಬರಿನ ಸುಮಾರಿಗೆ, ಆ ತೋಡಿನಿಂದ ಪ್ರಯೋಜನ ಪಡೆಯುವ ಮನೆಗಳವರೆಲ್ಲ ಕೂಡಿ ಕಲ್ಲು ಮಣ್ಣುಗಳಿಂದ ಅಡ್ಡಲಾಗಿ ತಾತ್ಕಾಲಿಕ ಒಡ್ಡೊಂದನ್ನು ಕಟ್ಟುತ್ತಾರೆ. ನಿಂತ ನೀರು ತೋಟಗಳಿಗೆ ಹರಿಯುತ್ತದೆ, ಬಾವಿಗಳಿಗೆ ಇಂಗುತ್ತದೆ. ಮುಂದಿನ ಮಳೆಗಾಲದಲ್ಲಿ ಒಡ್ಡು ಹೋಗುತ್ತದೆ. ಮರುವರ್ಷ ಪುನಃ ಕಟ್ಟಬೇಕು. ತೋಡು ಯಾರೊಬ್ಬರ ಸೊತ್ತೂ ಅಲ್ಲ. ಎಲ್ಲಿ ಕಟ್ಟುವುದು, ಯಾರು ಎಷ್ಟು ಆಳು ಕಳುಹಿಸುವುದು, ಯಾವ ತೋಟಕ್ಕೆ ಯಾವ ದಿನ ನೀರು ಎಂಬುದೆಲ್ಲ ಕಟ್ಟ ಕಟ್ಟುವ ಮೊದಲಿನ ಕೂಟದಲ್ಲಿ ತೀರ್ಮಾನವಾಗಬೇಕು. ಕೂಟಕ್ಕೆ ಬಾರದವನನ್ನು ಯಾರೂ ದ್ವೇಷಿಸುವುದಿಲ್ಲ. ಆದರೆ ಅವನ ಸರದಿಯನ್ನು ಬಂದವರು ತಮಗೆ ತಿಳಿದಂತೆ ಗೊತ್ತುಮಾಡಿರುತ್ತಾರೆ.

ಅಂತರಜಾಲವೂ ಒಂದು ತೋಡಿನಂತೆಯೇ. ಅದಕ್ಕೆ ಒಬ್ಬ ಒಡೆಯನಿಲ್ಲ, ಒಂದು ಸರಕಾರವಿಲ್ಲ. ಆದರೂ ಯಾವ ಅಕ್ಷರಕ್ಕೆ ಯಾವ ಸಂಖ್ಯೆ, ಯಾವ ಹೆಸರಿಗೆ ಯಾವ ವಿಳಾಸ ಎಂಬುದನ್ನು ಯಾರಾದರೂ ಗೊತ್ತುಮಾಡಲೇಬೇಕಷ್ಟೆ. ಇಲ್ಲವಾದರೆ ಮಂಗಳೂರಿನಿಂದ ಕಳುಹಿಸಿದ ಪತ್ರ ಜಿನೀವಾವನ್ನು ತಲುಪಲಾರದು.

ಆರಂಭದ ಕೂಟದಲ್ಲಿದ್ದವರು ಅಮೆರಿಕದ ಎಂಜಿನಿಯರರು. ಗಣಕಯಂತ್ರಗಳ ನಡುವಣ ಸಂದೇಶಗಳಿಗಾಗಿ 1963ರಲ್ಲಿ ಅಲ್ಲಿ ನಿಗದಿಯಾದ 'ಆಸ್ಕಿ' ಎಂಬ ಅಕ್ಷರಪಟ್ಟಿಯಲ್ಲಿ ಇದ್ದುದು 128 ಸ್ಥಾನಗಳು ಮಾತ್ರ. ಇಂಗ್ಲಿಷಿಗೆ ಅದು ಧಾರಾಳವಾಗಿ ಸಾಕು. 1983ರಲ್ಲಿ ಅಂತರಜಾಲದ ವಿಳಾಸಗಳಿಗೆ ಹೆಸರು ಕೊಡುವ ಪದ್ಧತಿ ರೂಪುಗೊಂಡಾಗ ಬಳಕೆಗೆ ಬಂದುದು ಇನ್ನೂ ಕಡಿಮೆ: 26 ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ, ಒಟ್ಟು 37 ಚಿಹ್ನೆಗಳು. ಇದರಲ್ಲಿ ದುರುದ್ದೇಶವನ್ನು ಹುಡುಕುವುದು ನ್ಯಾಯವಲ್ಲ. ಕೂಟದಲ್ಲಿ ಕುಳಿತವರು ತಮ್ಮ ತೋಟಕ್ಕೆ ಬೇಕಾದ ಕಾಲುವೆಯನ್ನು ತೋಡಿದರು; ಜಗತ್ತೆಲ್ಲ ಅದೇ ನೀರಿಗೆ ಬಂದು ನಿಲ್ಲುವುದೆಂದು ಅಂದು ಅವರಿಗೆ ತೋರಿರಲಾರದು. ಆದರೆ ಆ 37 ಚಿಹ್ನೆಗಳ ನೆರಳು ನಮ್ಮೂರಿನ ಹುಡುಗಿಯ ಅರ್ಜಿಯವರೆಗೂ ಚಾಚಿಕೊಂಡಿದೆ.

ಈ ಕೊರತೆಯನ್ನು ನೀಗಲು ನಡೆದ ಮೊದಲ ದೊಡ್ಡ ಪ್ರಯತ್ನ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸ್ಥಾನ ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಹೊರಬಂತು. ಸಂತೋಷದ ಸಂಗತಿಯೆಂದರೆ ಕನ್ನಡಕ್ಕೆ ಅದರಲ್ಲಿ ಆಗಲೇ ಮನೆ ದೊರೆಯಿತು. ಆ ಬೀದಿಯ ಸಾಲನ್ನು ನೋಡಿದರೆ ಗಡಿನಾಡಿನವರಾದ ನಮಗೆ ವಿಶೇಷವಾದ ಆನಂದವಾಗುತ್ತದೆ: ಮೊದಲು ತಮಿಳು, ಅದರ ಪಕ್ಕಕ್ಕೆ ತೆಲುಗು, ಬಳಿಕ ಕನ್ನಡ, ಅದಕ್ಕೆ ತಾಗಿ ಮಲೆಯಾಳ. ಒಂದೊಂದು ಮನೆಗೂ 128 ಕೋಣೆಗಳು. ಭೂಪಟದಲ್ಲಿ ನೆರೆಹೊರೆಯಾದವರು ಅಲ್ಲಿಯೂ ನೆರೆಹೊರೆಯೇ.

ಆದರೆ ಆ ಮನೆಯ ಗೋಡೆಯಲ್ಲೊಂದು ತಪ್ಪು ಫಲಕ ಇಂದಿಗೂ ತೂಗುತ್ತಿದೆ. ಹಳಗನ್ನಡವನ್ನೋದಿದವರಿಗೆ 'ೞ' ಎಂಬ ಅಕ್ಷರದ ಪರಿಚಯವಿದೆ. ಕನ್ನಡದಲ್ಲಿ ಅದರ ಬಳಕೆ ಅಳಿದರೂ ತಮಿಳರೂ ಮಲೆಯಾಳಿಗಳೂ ಆ ಧ್ವನಿಯನ್ನು ಪ್ರತಿದಿನ ನುಡಿಯುತ್ತಾರೆ. ಮಲೆಯಾಳದಲ್ಲಿ ಹೊಳೆಯೆಂಬರ್ಥದ ಶಬ್ದದಲ್ಲಿರುವುದೂ ಇದೇ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ದೊರೆಯಿತು. ಆದರೆ ಅದರ ಹೆಸರಾಗಿ ದಾಖಲಾದುದು ಇಂಗ್ಲಿಷಿನ 'ಎಫ್' ಮತ್ತು 'ಎ' ಎಂಬೆರಡಕ್ಷರಗಳು, ಅಂದರೆ 'ಫ'! ಒಮ್ಮೆ ಪ್ರಕಟವಾದ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಬದಲಿಸಿದರೆ ಅದನ್ನು ನಂಬಿಕೊಂಡ ಯಂತ್ರಗಳೆಲ್ಲ ತೊಡಕಿಗೆ ಸಿಲುಕುತ್ತವೆ ಎಂಬ ಕಾರಣಕ್ಕಾಗಿ ಆ ನಿಯಮ ಸಾಧುವೇ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಅದು ತಪ್ಪೆಂಬ ಟಿಪ್ಪಣಿಯೂ ಸರಿಯಾದ ಉಪನಾಮವೊಂದೂ ಪಕ್ಕದಲ್ಲಿ ಸೇರಿದವು. ಹಳಗನ್ನಡ ಬಲ್ಲ ಪಂಡಿತರೊಬ್ಬರು, ಕೊನೆಗೆ ನಮ್ಮ ನೆರೆಯ ಮಲೆಯಾಳದ ಉಪಾಧ್ಯಾಯರೊಬ್ಬರಾದರೂ, ಆ ಕರಡನ್ನು ಸಕಾಲದಲ್ಲಿ ಒಮ್ಮೆ ಕಣ್ಣಾಡಿಸಿ ನೋಡಿದ್ದರೆ ಸಾಕಿತ್ತು. ಕೂಟ ಮುಗಿದ ಮೇಲೆ ಹೇಳಿದ ಮಾತು ಸರಿಯಾಗಿದ್ದರೂ ಟಿಪ್ಪಣಿಯಾಗಿಯೇ ಉಳಿಯುತ್ತದೆ.

ಹಾಗಾದರೆ ಜಗತ್ತಿನ ಉಳಿದ ರಾಷ್ಟ್ರಗಳು ಸುಮ್ಮನಿದ್ದವೇ? ಇಲ್ಲ. ಅಂತರಜಾಲದ ಹೆಸರುಗಳ ಮೇಲ್ವಿಚಾರಣೆಗಾಗಿ 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ 'ಐಕ್ಯಾನ್' ಎಂಬ ಲಾಭರಹಿತ ಸಂಸ್ಥೆ ಸ್ಥಾಪಿತವಾಯಿತು. ಆದರೆ ಅದರ ಅತಿಮುಖ್ಯ ಕಾರ್ಯವೊಂದು ಅಮೆರಿಕದ ವಾಣಿಜ್ಯ ಇಲಾಖೆಯ ಕರಾರಿಗೆ ಒಳಪಟ್ಟಿತ್ತು. ಇಡೀ ಲೋಕದ ಸೊತ್ತನ್ನು ಒಂದೇ ರಾಷ್ಟ್ರ ನೋಡಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾಹಿತಿ ಸಮಾಜದ ವಿಶ್ವಶೃಂಗಸಭೆ 2003ರಲ್ಲಿ ಜಿನೀವಾದಲ್ಲೂ 2005ರಲ್ಲಿ ಟ್ಯುನಿಸ್‌ನಲ್ಲೂ ಸೇರಿತು. ಈ ನಡುವೆ ವಿಷಯವನ್ನು ವಿಮರ್ಶಿಸಲು ನೇಮಕವಾದ 40 ಮಂದಿಯ ಕಾರ್ಯತಂಡಕ್ಕೆ ಭಾರತೀಯರಾದ ನಿತಿನ್ ದೇಸಾಯಿಯವರೇ ಅಧ್ಯಕ್ಷರಾಗಿದ್ದರು. ಸರಕಾರಗಳು, ಉದ್ಯಮಗಳು, ಸಾರ್ವಜನಿಕ ಸಂಘಟನೆಗಳು ತಮ್ಮ ತಮ್ಮ ಪಾತ್ರಕ್ಕನುಗುಣವಾಗಿ ಕೂಡಿ ನಿಯಮಗಳನ್ನು ರೂಪಿಸುವುದೇ ಅಂತರಜಾಲದ ಆಡಳಿತವೆಂದು ಆ ತಂಡ ವ್ಯಾಖ್ಯಾನಿಸಿತು. ನಮ್ಮ ಕಟ್ಟದ ಕೂಟದ ಹಿರಿಯರು ಈ ಮಾತನ್ನು ಕೇಳಿದ್ದರೆ ಇದರಲ್ಲಿ ಹೊಸತೇನಿದೆ ಎಂದು ಕೇಳುತ್ತಿದ್ದರೇನೋ!

ಟ್ಯುನಿಸ್‌ನ ಸಭೆಯಲ್ಲಿ ಭಿನ್ನಾಭಿಪ್ರಾಯಗಳು ತೀವ್ರವಾಗಿದ್ದವು. ಕೊನೆಗೆ ಎಲ್ಲರೂ ಒಪ್ಪಿದ ಮಧ್ಯಮಮಾರ್ಗವೆಂದರೆ ಪ್ರತಿವರ್ಷ ಸೇರುವ ಚರ್ಚಾವೇದಿಕೆಯೊಂದರ ಸ್ಥಾಪನೆ. ಅದರ ಮೊದಲ ಸಮಾವೇಶ 2006ರಲ್ಲಿ ಅಥೆನ್ಸಿನಲ್ಲಿ ನಡೆಯಿತು. ಮೂರನೆಯದು ನಮ್ಮ ದೇಶಕ್ಕೇ ಬಂತು: 2008ರ ಡಿಸೆಂಬರ್ 3ರಿಂದ 6ರವರೆಗೆ ಹೈದರಾಬಾದಿನಲ್ಲಿ. ಮುಂಬಯಿಯ ಭೀಕರ ದಾಳಿ ನಡೆದು ವಾರ ಕಳೆಯುವಷ್ಟರಲ್ಲೇ ಆ ಸಭೆ ಸೇರಿತೆಂಬುದು ನೆನಪಿಡತಕ್ಕ ಸಂಗತಿ. 'ಎಲ್ಲರಿಗಾಗಿ ಅಂತರಜಾಲ' ಎಂಬುದು ಅದರ ಮುಖ್ಯವಸ್ತು. ಬಹುಭಾಷೆಗಳ ಅಂತರಜಾಲದ ಕುರಿತು ಅಲ್ಲಿ ವಿಶೇಷ ಚರ್ಚೆ ನಡೆಯಿತು. ಈ ವೇದಿಕೆಗೆ ಆಜ್ಞೆ ಹೊರಡಿಸುವ ಅಧಿಕಾರವಿಲ್ಲ. ಮಾತನಾಡಿ ಪ್ರಯೋಜನವೇನು ಎಂದು ಹೀಗಳೆಯುವವರೂ ಇದ್ದಾರೆ. ಆದರೆ ಆಡಿದ ಮಾತು ಬೇರೆಡೆ ಫಲ ಕೊಟ್ಟಿದೆ. ಅಮೆರಿಕದ ವಾಣಿಜ್ಯ ಇಲಾಖೆಯ ಆ ಕರಾರು 2016ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ತಾತ್ಕಾಲಿಕವಾಗಿ ಐದೈದು, ಹತ್ತು ವರ್ಷಗಳಂತೆ ಮುಂದುವರಿಯುತ್ತಿದ್ದ ಈ ವೇದಿಕೆಯನ್ನು 2025ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಶಾಶ್ವತಗೊಳಿಸಿತು.

ಇನ್ನು ನಮ್ಮ ಲಿಪಿಯ ಕಥೆ. ಇಂಗ್ಲಿಷೇತರ ಲಿಪಿಗಳಲ್ಲಿ ರಾಷ್ಟ್ರಗಳ ವಿಳಾಸನಾಮಗಳನ್ನಿಡಲು ಐಕ್ಯಾನ್ 2009ರಲ್ಲಿ ಅನುಮತಿಸಿತು. ಮೊದಲು ಒಳಬಂದುದು ಅರಬ್ಬೀ ಲಿಪಿ. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ಹೆಸರುಗಳು ಬಲದಿಂದ ಎಡಕ್ಕೆ ಬರೆಯಲ್ಪಟ್ಟು ಅಂತರಜಾಲದ ಮೂಲಪಟ್ಟಿಯನ್ನು ಸೇರಿದವು. 2011ರಲ್ಲಿ 'ಭಾರತ'ವೆಂಬ ಹೆಸರು ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು ಎಂಬ ಏಳು ಭಾಷೆಗಳಲ್ಲಿ ಬಂತು. ಈ ಏಳರಲ್ಲಿ ಕನ್ನಡವಿರಲಿಲ್ಲ, ಮಲೆಯಾಳವೂ ಇರಲಿಲ್ಲ. ಸಾವಿರದೈನೂರು ವರ್ಷಗಳ ಶಾಸನಪರಂಪರೆಯುಳ್ಳ ನುಡಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ. ಎರಡನೆಯ ಕಂತಿನಲ್ಲಿ ಕನ್ನಡದ '.ಭಾರತ' ಸೇರಿತು, ಇಂದು ನಮ್ಮ ಲಿಪಿಯಲ್ಲೇ ಪೂರ್ಣ ವಿಳಾಸವನ್ನು ಬರೆಯಬಹುದು.

ಆದರೆ ಲಿಪಿಗೆ ಬಾಗಿಲು ತೆರೆದೊಡನೆ ಕಳ್ಳನಿಗೂ ಬಾಗಿಲು ತೆರೆಯಬಾರದಲ್ಲವೇ? ಇಲ್ಲಿಯೇ ಗಡಿನಾಡಿನವರ ಅನುಭವಕ್ಕೆ ಬೆಲೆ ಬರುವುದು. ಆದವಾನಿ, ರಾಯದುರ್ಗ, ಮಡಕಶಿರಗಳ ವಾಚಕರು ಬಲ್ಲಂತೆ ಕನ್ನಡ-ತೆಲುಗು ಲಿಪಿಗಳು ಒಂದೇ ಬೇರಿನವು. ರ, ಲ, ಬ, ಜ ಮೊದಲಾದ ಅಕ್ಷರಗಳು ಎರಡರಲ್ಲೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಆದರೆ ಯಂತ್ರಕ್ಕೆ ಅವು ಬೇರೆ ಬೇರೆ ಸಂಖ್ಯೆಗಳು. ಬ್ಯಾಂಕೊಂದು ಕನ್ನಡದಲ್ಲಿ ವಿಳಾಸವಿಟ್ಟುಕೊಂಡರೆ ವಂಚಕನೊಬ್ಬನು ಅದೇ ರೂಪದ ತೆಲುಗು ಅಕ್ಷರಗಳಲ್ಲಿ ಇನ್ನೊಂದು ವಿಳಾಸವಿಟ್ಟು, ನಂಬಿ ಬಂದ ಮುದುಕಮ್ಮನ ಹಣವನ್ನು ಲಪಟಾಯಿಸಬಹುದು. ಇದನ್ನು ಕನ್ನಡಿಗರು ತಾವೇ ಕುಳಿತು ಪರಿಹರಿಸಲಾರರು. ತೆಲುಗರೂ ಒಂಟಿಯಾಗಿ ಪರಿಹರಿಸಲಾರರು.

ಇದಕ್ಕಾಗಿ ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳ ತಜ್ಞರನ್ನೊಳಗೊಂಡ ಮಂಡಲಿಯೊಂದು ಏರ್ಪಟ್ಟಿತು. ದೇವನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲೆಯಾಳಗಳೇ ಆ ಒಂಬತ್ತು. ಭಾರತದವರಷ್ಟೇ ಅಲ್ಲದೆ ನೇಪಾಳವೇ ಮೊದಲಾದ ನೆರೆರಾಷ್ಟ್ರಗಳವರೂ ಅದರಲ್ಲಿದ್ದರು. ಯಾವ ಅಕ್ಷರ ಯಾವ ಅಕ್ಷರದ ಬಳಿಕ ಬರಬಹುದು, ಸ್ವರದ ಮೇಲೆ ಗುಣಿತಚಿಹ್ನೆ ಬರಬಹುದೇ, ಯಾವ ಎರಡು ಅಕ್ಷರಗಳನ್ನು ಒಂದೇ ಎಂದು ಎಣಿಸಬೇಕು ಎಂದು ಅವರು ಪ್ರತಿಯೊಂದನ್ನೂ ಪರಿಶೀಲಿಸಿದರು. ನಾವು ಒಂದನೆಯ ತರಗತಿಯಲ್ಲಿ ಕಾಗುಣಿತ ಕಲಿಸುವಾಗ ಬಾಯಲ್ಲಿ ಹೇಳುವ ನಿಯಮಗಳನ್ನೇ ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟರೆಂದರೂ ಸಲ್ಲುತ್ತದೆ. ಒಂದು ಲಿಪಿಯಲ್ಲಿ ಒಂದು ಹೆಸರು ಮೂಲಪಟ್ಟಿಗೆ ಸೇರಿದರೆ, ಅದರಂತೆಯೇ ಕಾಣುವ ನೆರೆಲಿಪಿಯ ಹೆಸರು ಬೇರೊಬ್ಬರ ಕೈಗೆ ಹೋಗದಂತೆ ತಡೆಯುವುದು ಅವರು ಕಂಡುಕೊಂಡ ಉಪಾಯ. ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. ಕನ್ನಡದ ನಿಯಮಗಳು 2019ರಲ್ಲಿ ಐಕ್ಯಾನಿನ ಮೂಲಪಟ್ಟಿಯ ನಿಯಮಾವಳಿಯನ್ನು ಸೇರಿದವು. 'ೞ'ಕಾರಕ್ಕೆ ಒದಗಿದ ಗತಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಗಮನಿಸಬೇಕು. ಈ ಸಲ ಕೂಟದಲ್ಲಿ ನಮ್ಮ ಚಾಪೆಯೂ ಇತ್ತು, ನೆರೆಯವರ ಚಾಪೆಯೂ ಇತ್ತು.

ಕನ್ನಡಕ್ಕೆ ಮಾತ್ರ ನ್ಯಾಯ ಸಿಕ್ಕರೆ ಸಾಲದು ಎಂಬುದನ್ನೂ ಸಪ್ತಭಾಷೆಗಳ ಸಂಗಮಭೂಮಿಯಲ್ಲಿರುವ ನಾವು ಮರೆಯಬಾರದು. ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳ ಮನೆಮಾತು ತುಳು. ಹಳೆಯ ತಾಳೆಗರಿಗಳಲ್ಲಿ ಕಾಣುವ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು 2024ರ ಸೆಪ್ಟೆಂಬರಿನಲ್ಲಿ, ಅಂದರೆ ಕನ್ನಡಕ್ಕಿಂತ 33 ವರ್ಷ ತಡವಾಗಿ. ಅದೂ ತಾನಾಗಿ ಬಂದುದಲ್ಲ. ಹಸ್ತಪ್ರತಿಗಳ ಆಧಾರಗಳೊಡನೆ ಮನವಿಗಳನ್ನು ಬರೆದು, ತಿದ್ದಿ, ಪುನಃ ಕಳುಹಿಸಿದವರ ತಾಳ್ಮೆಯ ಫಲ.

ಇಷ್ಟೆಲ್ಲ ಆಗಿಯೂ ನಮ್ಮ ಹುಡುಗಿಯ ಅರ್ಜಿ ಏಕೆ ತಿರಸ್ಕೃತವಾಯಿತೆಂದು ತಾವು ಕೇಳಬಹುದು. ಕಟ್ಟ ಕಟ್ಟಿದ ಮಾತ್ರಕ್ಕೆ ನೀರು ಗಿಡದ ಬುಡವನ್ನು ತಲುಪಿದಂತಾಗಲಿಲ್ಲ. ಹೆಸರುಗಳ ಮೂಲಪಟ್ಟಿ ಕನ್ನಡವನ್ನು ಒಪ್ಪಿದರೂ ಸಾವಿರಾರು ಕಚೇರಿಗಳ, ಬ್ಯಾಂಕುಗಳ, ಅಂಗಡಿಗಳ ಅರ್ಜಿಪುಟಗಳು ಇನ್ನೂ ಆ ಹಳೆಯ ಕಾಲುವೆಯಲ್ಲೇ ಇವೆ. ಅಲ್ಲಿ ಕನ್ನಡದ ಹೆಸರನ್ನೋ ಮಿಂಚಂಚೆಯ ವಿಳಾಸವನ್ನೋ ತುಂಬಿದರೆ 'ತಪ್ಪು' ಎಂಬ ಕೆಂಪಕ್ಷರ ಕಾಣಿಸುತ್ತದೆ. ಎಲ್ಲ ಲಿಪಿಗಳನ್ನೂ ಎಲ್ಲ ಯಂತ್ರಗಳೂ ಒಪ್ಪಬೇಕೆಂಬ ಪ್ರಚಾರಕ್ಕಾಗಿ 2023ರಿಂದ ಪ್ರತಿವರ್ಷ ಒಂದು ದಿನವನ್ನೇ ಮೀಸಲಿಟ್ಟಿದ್ದಾರೆ. ಕಾರ್ಯ ಬಹಳ ಉಳಿದಿದೆ.

ಇನ್ನೂ ದೊಡ್ಡ ಕೊರತೆಯೊಂದಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2024ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ 260 ಕೋಟಿ ಜನ ಅಂತರಜಾಲದ ಹೊರಗಿದ್ದರು. ಪಟ್ಟಣಿಗರಲ್ಲಿ ನೂರಕ್ಕೆ 83 ಮಂದಿ ಅದನ್ನು ಬಳಸುತ್ತಿದ್ದರೆ ಹಳ್ಳಿಗರಲ್ಲಿ 48 ಮಂದಿ ಮಾತ್ರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ರಾಷ್ಟ್ರಗಳು ಅಂಗೀಕರಿಸಿದ ಜಾಗತಿಕ ಡಿಜಿಟಲ್ ಒಡಂಬಡಿಕೆಯು ಈ ಕಂದರವನ್ನು ಮುಚ್ಚುವುದನ್ನೇ ಮೊದಲ ಗುರಿಯನ್ನಾಗಿ ಸಾರಿದೆ. ತಂತಿ ಎಳೆದರೆ ಕಂದರ ಅರ್ಧ ಮುಚ್ಚೀತು. ತಂತಿಯ ತುದಿಯಲ್ಲಿ ತನ್ನ ಅಕ್ಷರವೇ ಇಲ್ಲದಿದ್ದರೆ ಹಳ್ಳಿಯ ತಾಯಿಗೆ ಅದರಿಂದ ದೊರೆಯುವುದೇನು?

ಆ ತಂದೆಯ ಪ್ರಶ್ನೆಗೆ ನನಗೀಗ ಉತ್ತರ ಸಿಕ್ಕಿದೆ: ಯಂತ್ರಕ್ಕೆ ನಮ್ಮ ಅಕ್ಷರಗಳನ್ನು ಕಲಿಸಬೇಕಾದವರು ನಾವೇ, ನೆರೆಯವರೊಡನೆ ಕುಳಿತು ಕಲಿಸಬೇಕು. ಪ್ರಾಯೋಗಿಕವಾಗಿ ಮೂರು ಮಾತುಗಳನ್ನು ಸೂಚಿಸುತ್ತೇನೆ.

ಮೊದಲನೆಯದು ಮನೆಯಲ್ಲಿ ಆಗಬೇಕಾದುದು. ಮಗು ಹುಟ್ಟಿದೊಡನೆ ಅದರ ಹೆಸರನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿಟ್ಟು, ಇಂಗ್ಲಿಷಿನಲ್ಲಿ ಒಂದೇ ಒಂದು ರೂಪವನ್ನು ನಿಶ್ಚಯಿಸಿ, ಎಲ್ಲ ದಾಖಲೆಗಳಲ್ಲೂ ಅದನ್ನೇ ಒತ್ತಾಯಿಸಿ ಬರೆಯಿಸಬೇಕು. ಎರಡನೆಯದು, ಯಾವುದೇ ಅರ್ಜಿಪುಟ ಕನ್ನಡವನ್ನು ನಿರಾಕರಿಸಿದರೆ ಗೊಣಗಿ ಸುಮ್ಮನಾಗದೆ ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಕು. ಹತ್ತು ಪತ್ರಗಳಿಗೆ ಉತ್ತರ ಬಾರದಿರಬಹುದು. ಹನ್ನೊಂದನೆಯದು ಕಡತಕ್ಕೆ ಸೇರೀತು. ಮೂರನೆಯದು ಉನ್ನತ ಶಿಕ್ಷಣ ಪಡೆದ ನಮ್ಮ ಮಕ್ಕಳಿಗೆ. ಐಕ್ಯಾನಿನ ಕರಡುಗಳ ಮೇಲೆ ಯಾರಾದರೂ ಅಭಿಪ್ರಾಯ ಬರೆಯಬಹುದು. ಯೂನಿಕೋಡಿಗೆ ಯಾರಾದರೂ ಆಧಾರಸಹಿತ ಮನವಿ ಸಲ್ಲಿಸಬಹುದು. ವಿಶ್ವಸಂಸ್ಥೆಯ ವಾರ್ಷಿಕ ವೇದಿಕೆಯಲ್ಲಿ ಶುಲ್ಕವಿಲ್ಲದೆ, ಮನೆಯಲ್ಲೇ ಕುಳಿತು ಭಾಗವಹಿಸಬಹುದು. ಬೆಂಗಳೂರಿನಲ್ಲೋ ದುಬೈಯಲ್ಲೋ ಗಣಕಯಂತ್ರದ ಮುಂದೆ ದಿನ ಕಳೆಯುವ ಗಡಿನಾಡಿನ ತರುಣರು ವರ್ಷಕ್ಕೆ ನಾಲ್ಕು ಸಂಜೆಗಳನ್ನು ಇದಕ್ಕೆ ಕೊಟ್ಟರೆ ಸಾಕು. ಎರಡು ಲಿಪಿಗಳ ನಡುವೆ ಬೆಳೆದ ಅವರಿಗೆ ತಿಳಿದಷ್ಟು ಈ ವಿಷಯ ರಾಜಧಾನಿಯವರಿಗೂ ತಿಳಿದಿರಲಾರದು.

ಹುಡುಗಿಯ ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ಪ್ರಮಾಣಪತ್ರ, ದೃಢೀಕರಣ, ತಿದ್ದುಪಡಿಗಳೆಂದು ಅವಳ ತಂದೆ ಮೂರು ದಿನಗಳ ಕೂಲಿಯನ್ನು ಕಳೆದುಕೊಂಡನು. ಕೊನೆಯ ದಿನಾಂಕಕ್ಕೆ ಒಂದು ದಿನ ಮೊದಲು ಅರ್ಜಿ ಸ್ವೀಕೃತವಾಯಿತು. ಇಂಗ್ಲಿಷಿನಲ್ಲಿ ಅವಳ ಹೆಸರಿಗೆ ಈಗ ಒಂದೇ ರೂಪವಿದೆ, ಅದರಲ್ಲಿ 'ಳ'ಕಾರವಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ಎಂದಿನಂತೆ 'ಳ'ಕಾರ ಹಾಕಿಯೇ ಬರೆಯುತ್ತೇನೆ.

ಮಳೆ ಹಿಂಜರಿದ ಮೇಲೆ ನಮ್ಮೂರಿನಲ್ಲಿ ಕಟ್ಟದ ಕೂಟ ಸೇರಲಿದೆ. ಈ ಸಲ ಅವಳ ತಂದೆಯನ್ನೂ ಬರಹೇಳಿದ್ದೇನೆ.